ಮನೆಯ ಪಂಪು: ಕೊಳ್ಳುವ ಮುನ್ನ ಅಳೆಯಿರಿ

ಹರಪನಹಳ್ಳಿಯ ಕಡೆ ಮನೆ ಕಟ್ಟಿಸುವವರು ಬಾಗಿಲ ಚೌಕಟ್ಟಿಗೆ ವಾರಗಟ್ಟಲೆ ಯೋಚಿಸುವುದುಂಟು; ಪಂಪಿನ ಅಂಗಡಿಗೆ ಹೋದಾಗ ಮಾತ್ರ “ಒಂದು ಎಚ್‌ಪಿ ಕೊಡಿ” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ ಎಂದು ಈ ತಾಲ್ಲೂಕಿನ ಜಿಲ್ಲೆ ಬದಲಾಗುತ್ತ ಬಂತು. ನೆಲದೊಳಗಿನ ನೀರನ್ನು ಎತ್ತುವ ಕೆಲಸ ಮಾತ್ರ ತಪ್ಪಲಿಲ್ಲ. ಆ ಕೆಲಸಕ್ಕೆ ಬೇಕಾದ ಅಶ್ವಶಕ್ತಿ ಎಷ್ಟೆಂಬುದನ್ನು ಅಂಗಡಿಯಲ್ಲಲ್ಲ, ಮನೆಯಲ್ಲಿ ಟೇಪು ಹಿಡಿದು ಗೊತ್ತುಮಾಡಬೇಕು.

ಪಂಪು ನೀರನ್ನು ಎಳೆಯುವುದಿಲ್ಲ ಎಂದರೆ ಆಶ್ಚರ್ಯವಾದೀತು. ಅದು ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಅಷ್ಟೆ. ಬಾವಿಯ ನೀರಿನ ಮೇಲೆ ಕುಳಿತ ಹೊರಗಿನ ಗಾಳಿಯೇ ತನ್ನ ಭಾರದಿಂದ ನೀರನ್ನು ಮೇಲಕ್ಕೆ ದೂಡುತ್ತದೆ. ಗಾಳಿಯ ಈ ಭಾರವನ್ನು ಇಟಲಿಯ ಟಾರಿಸೆಲ್ಲಿ 1643ರಲ್ಲಿ ಪಾದರಸದ ಕೊಳವೆಯಿಂದ ತೋರಿಸಿದ. ಸಮುದ್ರಮಟ್ಟದಲ್ಲಿ ಅದು ನೀರನ್ನು 10.3 ಮೀಟರಿನವರೆಗೆ ಏರಿಸಬಲ್ಲದು. ಸುಮಾರು 630 ಮೀಟರ್ ಎತ್ತರದಲ್ಲಿರುವ ಹರಪನಹಳ್ಳಿಯಲ್ಲಿ ಒಂಬತ್ತೂವರೆಯ ಆಸುಪಾಸು. ಸೋರಿಕೆ, ಘರ್ಷಣೆ ಕಳೆದು ನಮ್ಮ ಪಾಲಿಗೆ ಉಳಿಯುವುದು ಆರೇಳು ಮೀಟರು. ಆದ್ದರಿಂದ ನೀರು ನಲವತ್ತಡಿ ಕೆಳಗಿದ್ದರೆ, ದಡದ ಮೇಲಿಟ್ಟ ಸಾಧಾರಣ ಪಂಪಿಗೆ ಐದು ಎಚ್‌ಪಿ ಮೋಟಾರು ಜೋಡಿಸಿದರೂ ಒಂದು ತಂಬಿಗೆ ನೀರು ಬಾರದು. ಮೇಲಕ್ಕೆ ತಳ್ಳುವುದಕ್ಕೆ ಈ ಮಿತಿಯಿಲ್ಲ. ಹಿಂದಿನ ಕಪಿಲೆಯ ಬಾನಿ ತಾನೇ ಇಳಿದು ನೀರಿನಲ್ಲಿ ಮುಳುಗುತ್ತಿತ್ತಲ್ಲ, ಕೊಳವೆ ಬಾವಿಯ ಸಬ್‌ಮರ್ಸಿಬಲ್ ಪಂಪೂ ಹಾಗೆಯೇ ನೀರಿದ್ದಲ್ಲಿಗೆ ಹೋಗಿ ಅಲ್ಲಿಂದ ತಳ್ಳುತ್ತದೆ.

ಈಗ ಸಂಪಿನ ಲೆಕ್ಕ. ಸಂಪಿನ ನೀರಿನಿಂದ ಮಾಳಿಗೆಯ ಟ್ಯಾಂಕಿನ ಬಾಯಿಗೆ 12 ಮೀಟರ್ ಎನ್ನಿ. ಕೊಳವೆಯ ತಿರುವುಗಳಿಗೆ ಮೂರು ಸೇರಿಸಿದರೆ 15. ಇದನ್ನೇ ಹೆಡ್ ಎನ್ನುವುದು. ಸಾವಿರ ಲೀಟರಿನ ಟ್ಯಾಂಕು ಅರ್ಧ ಗಂಟೆಯಲ್ಲಿ ತುಂಬಬೇಕಾದರೆ ನೀರನ್ನೆತ್ತಲು ನಿಜವಾಗಿ ಬೇಕಾದದ್ದು 82 ವಾಟ್. ಸಣ್ಣ ಪಂಪುಗಳು ತಮಗೆ ಕೊಟ್ಟ ಶಕ್ತಿಯ ಮೂರರಲ್ಲಿ ಎರಡು ಪಾಲನ್ನು ಪೋಲುಮಾಡುತ್ತವೆ. ಆದರೂ 270 ವಾಟ್ ಸಾಕು. ಒಂದು ಎಚ್‌ಪಿ ಎಂದರೆ 746 ವಾಟ್. ಅರ್ಧ ಎಚ್‌ಪಿ ಧಾರಾಳವಾಯಿತು!

ಪಂಪಿನ ಫಲಕದಲ್ಲಿ “ಗರಿಷ್ಠ ಹೆಡ್ 30 ಮೀಟರ್” ಎಂದಿದ್ದರೆ ಹಿಗ್ಗಬೇಡಿ. ಆ ಎತ್ತರಕ್ಕೆ ನೀರು ಮುಟ್ಟುತ್ತದೆ, ಹರಿಯುವುದಿಲ್ಲ. ನಿಮ್ಮ 15 ಮೀಟರಿಗೆ ಗಂಟೆಗೆ ಎಷ್ಟು ಲೀಟರ್ ಕೊಡುತ್ತದೆಂದು ಕೇಳಿ. ಹಾಗೆಯೇ ಕೊಳವೆಯಲ್ಲಿ ಜಿಪುಣತನ ಬೇಡ: ಒಳವ್ಯಾಸ ಅರ್ಧವಾದರೆ, ಅಷ್ಟೇ ನೀರಿಗೆ ಘರ್ಷಣೆ ಸುಮಾರು 30 ಪಟ್ಟಾಗುತ್ತದೆ.

ಕೊಳವೆ ಬಾವಿಯಲ್ಲಿ ದೊಡ್ಡ ಪಂಪಿನ ಆಸೆ ಇನ್ನೂ ದುಬಾರಿ. ಬೋರು ಗಂಟೆಗೆ ಎರಡು ಸಾವಿರ ಲೀಟರ್ ಕೊಡುವಾಗ ಪಂಪು ನಾಲ್ಕು ಸಾವಿರ ಎತ್ತತೊಡಗಿದರೆ, ನೀರಿನ ಮಟ್ಟ ಇಳಿದಿಳಿದು ಪಂಪಿನ ಬಾಯಿಗೇ ಬರುತ್ತದೆ. ಒಳಗಿನ ಮೋಟಾರಿಗೆ ತಂಪು ಕೊಡುವುದೇ ಅದರ ಮೈ ಸವರಿ ಹೋಗುವ ನೀರು. ಅದು ನಿಂತರೆ ಸುರುಳಿ ಸುಡುತ್ತದೆ. ಮೋಟಾರಿನ ಬೆಲೆಯ ಜತೆಗೆ ಕೊಳವೆಯನ್ನೆಲ್ಲ ಮೇಲೆತ್ತಿಸುವ ಕೂಲಿ ಬೇರೆ. ಬೋರಿನ ಇಳುವರಿಯನ್ನು ಬೇಸಿಗೆಯಲ್ಲಿ ಅಳೆದು, ಅದಕ್ಕಿಂತ ತುಸು ಕಡಿಮೆ ಎತ್ತುವ ಪಂಪನ್ನು ಆರಿಸುವುದು ಲೇಸು. ನೀರು ತೀರಿದೊಡನೆ ಮೋಟಾರನ್ನು ತಾನಾಗಿ ನಿಲ್ಲಿಸುವ ಸಾಧನವನ್ನೂ ಹಾಕಿಸಿರಿ.

ಇನ್ನು ವಿದ್ಯುತ್ತು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗದಂತೆ ಕುಗ್ಗುತ್ತದೆ. 230 ಇರಬೇಕಾದಲ್ಲಿ 180 ಬಂದರೆ ಬಲ ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ. ಆಗ ಮೋಟಾರು ತಿರುಗಲಾರದೆ ಗುಂಯ್‌ಗುಡುತ್ತ, ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಕೂಡಲೆ ಆರಿಸಿ, ವೋಲ್ಟೇಜು ಸರಿಯಾಗುವವರೆಗೆ ಕಾಯಿರಿ. ವೋಲ್ಟೇಜು ಸರಿಯಿದ್ದೂ ಗುಂಯ್‌ಗುಟ್ಟಿದರೆ ಕೆಪಾಸಿಟರು ಸೋತಿರಬಹುದು. ಅದು ಹೊಸ ಮೋಟಾರಿನ ಮುಂದೆ ಅಗ್ಗದ ಸಾಮಾನು. ಪಂಪಿಗೆ ಅರ್ಥಿಂಗ್ ತಂತಿ ಇದೆಯೇ ನೋಡಿ, ಸಂಪು ತೊಳೆಯಲು ಇಳಿಯುವ ಮುನ್ನ ಮೇನ್ ಸ್ವಿಚ್ಚನ್ನೇ ಆರಿಸಿರಿ.