ಗಣಿ ಬಂಡಿಗಳ ಕೊಂಡಿ: ಸುರಕ್ಷತೆಯ ಹೊಣೆ, ವ್ಯವಹಾರದ ಲೆಕ್ಕ

ಭೂಗರ್ಭ ಗಣಿಗಳಲ್ಲಿ ಅಗೆದ ಅದಿರು ಮತ್ತು ಕಲ್ಲಿದ್ದಲು ಹಲವು ಕಡೆ ಇಂದಿಗೂ ಹಳಿಯ ಮೇಲೆ ಓಡುವ ಉಕ್ಕಿನ ಬಂಡಿಗಳಲ್ಲಿ ಸಾಗುತ್ತದೆ. ಗಣಿ ವಲಯದಲ್ಲಿ ಸಣ್ಣ ಬಂಡಿಗೆ ಟಬ್ ಎಂದೂ ದೊಡ್ಡದಕ್ಕೆ ಮೈನ್ ಕಾರ್ ಎಂದೂ ಹೆಸರು. ಹತ್ತಾರು ಬಂಡಿಗಳನ್ನು ಒಂದಕ್ಕೊಂದು ಪೋಣಿಸಿ ಲೋಕೋಮೋಟಿವ್‌ನಿಂದ ಅಥವಾ ಉಕ್ಕಿನ ಹಗ್ಗದಿಂದ ಎಳೆಯಲಾಗುತ್ತದೆ. ಹೀಗೆ ಪೋಣಿಸುವ ಸಾಧನವೇ ಕೊಂಡಿ, ಅಂದರೆ ಕಪ್ಲಿಂಗ್. ಗಣಿಯ ಒಟ್ಟು ಬಂಡವಾಳದಲ್ಲಿ ಇದರ ಬೆಲೆ ಅತ್ಯಲ್ಪ. ಆದರೆ ಇಡೀ ಸಾಗಣೆ ವ್ಯವಸ್ಥೆಯ ಸುರಕ್ಷತೆ ನಿಂತಿರುವುದು ಈ ಅಲ್ಪ ಬೆಲೆಯ ವಸ್ತುವಿನ ಮೇಲೆ.

ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ. 1880ರ ದಶಕದಿಂದ ನೂರಕ್ಕೂ ಹೆಚ್ಚು ವರ್ಷ ನಡೆದ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಭೂಗರ್ಭ ಗಣಿಗಾರಿಕೆ ಮುಂದುವರಿದಿದೆ. ಬೆಳಗಾವಿ, ಶಿವಮೊಗ್ಗಗಳ ಎರಕದ ಘಟಕಗಳಿಗೂ ಪೀಣ್ಯದ ಯಂತ್ರಾಗಾರಗಳಿಗೂ ಕೊಂಡಿ, ಪಿನ್ನು, ಡ್ರಾಬಾರ್‌ಗಳನ್ನು ತಯಾರಿಸುವ ಸಾಮರ್ಥ್ಯವಿದೆ. ಆದುದರಿಂದ ಇಂತಹ ಸಾಮಗ್ರಿಯನ್ನು ತಯಾರಿಸುವ ಅಥವಾ ಮಾರುವ ಉದ್ದಿಮೆದಾರರು ಅದರ ಕಾರ್ಯ, ಅಪಾಯ ಹಾಗೂ ಹೊಣೆಗಾರಿಕೆಗಳನ್ನು ಅರಿತಿರುವುದು ಅಗತ್ಯ.

ಕೊಂಡಿಯ ಮೇಲೆ ಬೀಳುವ ಭಾರ

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ತಲಾ 3 ಟನ್ ಒಟ್ಟು ತೂಕದ 10 ಬಂಡಿಗಳ ಸಾಲನ್ನು 6ಕ್ಕೆ 1ರ ಇಳಿಜಾರಿನಲ್ಲಿ ಹಗ್ಗದಿಂದ ಮೇಲಕ್ಕೆ ಎಳೆಯಲಾಗುತ್ತಿದೆ ಎಂದುಕೊಳ್ಳೋಣ. ಒಟ್ಟು ತೂಕ 30 ಟನ್. ಇಳಿಜಾರಿನ ಕಾರಣದಿಂದ ಸುಮಾರು 5 ಟನ್, ಚಕ್ರಗಳ ಘರ್ಷಣೆಗೆ ತೂಕದ ಶೇ. 2ರಂತೆ 0.6 ಟನ್, ಹೀಗೆ ಹಗ್ಗದ ಮೇಲೆ ಐದೂವರೆ ಟನ್ನಿನಷ್ಟು ಎಳೆತ ಬೀಳುತ್ತದೆ. ಮೊದಲನೆಯ ಮತ್ತು ಎರಡನೆಯ ಬಂಡಿಗಳ ನಡುವಣ ಕೊಂಡಿ ಹಿಂದಿನ ಒಂಬತ್ತು ಬಂಡಿಗಳ ಭಾರವನ್ನು, ಅಂದರೆ ಸುಮಾರು 5 ಟನ್ನನ್ನು ಹೊರುತ್ತದೆ. ಕಡೆಯ ಕೊಂಡಿಗೆ ಬೀಳುವುದು ಅರ್ಧ ಟನ್ನಿಗಿಂತ ತುಸು ಹೆಚ್ಚು ಮಾತ್ರ.

ಇಂದು ಸಾಲಿನ ಕೊನೆಯಲ್ಲಿರುವ ಬಂಡಿ ನಾಳೆ ಮುಂದೆ ಬರಬಹುದು. ಆದ್ದರಿಂದ ಪ್ರತಿಯೊಂದು ಕೊಂಡಿಯೂ ಗರಿಷ್ಠ ಭಾರಕ್ಕೆ ತಕ್ಕಂತೆಯೇ ತಯಾರಾಗಬೇಕು. ನೂರು ಕೊಂಡಿಗಳಲ್ಲಿ ತೊಂಬತ್ತೊಂಬತ್ತು ಉತ್ತಮವಾಗಿದ್ದರೂ ಸಾಲಿನ ಬಲ ಆ ಒಂದು ದುರ್ಬಲ ಕೊಂಡಿಯ ಬಲವಷ್ಟೇ.

ಮೇಲಿನ ಲೆಕ್ಕ ಸಮಗತಿಯ ಎಳೆತಕ್ಕೆ ಸಂಬಂಧಿಸಿದ್ದು. ಭಾರವು ಥಟ್ಟನೆ ಬಿದ್ದರೆ ಉಕ್ಕಿನಲ್ಲಿ ಉಂಟಾಗುವ ಒತ್ತಡ ನಿಧಾನವಾಗಿ ಬಿದ್ದಾಗಿನ ಎರಡು ಪಟ್ಟಾಗುತ್ತದೆ. ಕೊಂಡಿಗಳ ನಡುವೆ ಸಡಿಲವಿದ್ದು ಬಂಡಿಗಳು ಜಗ್ಗಿದರೆ ಅದಕ್ಕಿಂತಲೂ ಹೆಚ್ಚುತ್ತದೆ. ಕೆಲಸದ ಭಾರಕ್ಕಿಂತ ಹಲವು ಪಟ್ಟು ಹೆಚ್ಚಿನ ಸುರಕ್ಷತಾ ಗುಣಾಂಕವನ್ನು ವಿನ್ಯಾಸಕಾರರು ಇಟ್ಟುಕೊಳ್ಳುವುದು ಈ ಕಾರಣಕ್ಕಾಗಿಯೇ. ಆ ಹೆಚ್ಚುವರಿ ಬಲವನ್ನು ಅನಗತ್ಯವೆಂದು ಬಗೆದು ಉಕ್ಕನ್ನು ಉಳಿಸಲು ಹೊರಡುವುದು ತಪ್ಪು.

ಕೊಂಡಿ ಕಳಚಿದರೆ ಆಗುವುದೇನು? ಅದೇ ಇಳಿಜಾರಿನಲ್ಲಿ ತಡೆಯಿಲ್ಲದೆ 100 ಮೀಟರ್ ಉರುಳಿದ ಬಂಡಿ ಘರ್ಷಣೆಯನ್ನು ಕಳೆದರೂ ಗಂಟೆಗೆ ಸುಮಾರು 60 ಕಿ.ಮೀ. ವೇಗವನ್ನು ತಲುಪುತ್ತದೆ. ಕಿರಿದಾದ ಸುರಂಗದಲ್ಲಿ 3 ಟನ್ ತೂಕ ಆ ವೇಗದಲ್ಲಿ ಬಂದಾಗ ಕೆಳಗಿರುವ ಕಾರ್ಮಿಕನಿಗೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಜೋಡಣೆಯ ಬಗೆಗಳು

ಬಳಕೆಯಲ್ಲಿರುವ ಕೊಂಡಿಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಸರಪಳಿ ಮತ್ತು ಕೊಕ್ಕೆ. ಒಂದು ಬಂಡಿಯ ಸರಪಳಿಯ ಕಡೆಯ ಬಳೆಯನ್ನು ಇನ್ನೊಂದರ ಕೊಕ್ಕೆಗೆ ಸಿಕ್ಕಿಸಲಾಗುತ್ತದೆ. ಬೆಲೆ ಕಡಿಮೆ, ತಿರುವುಗಳಿಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಆದರೆ ಸಡಿಲ ಹೆಚ್ಚು. ಹಳಿಯ ಏರಿಳಿತದಲ್ಲಿ ಬಂಡಿಗಳು ಹತ್ತಿರ ಬಂದಾಗ ಬಳೆ ಕೊಕ್ಕೆಯಿಂದ ಜಿಗಿದು ಕಳಚುವ ಸಂಭವವುಂಟು.

ಎರಡನೆಯದು ಬಳೆ ಮತ್ತು ಪಿನ್ನು. ಎರಡು ಬಂಡಿಗಳ ಡ್ರಾಬಾರ್‌ಗಳ ನಡುವೆ ಬಳೆಯನ್ನಿಟ್ಟು ಮೇಲಿನಿಂದ ಪಿನ್ನನ್ನು ಇಳಿಸಲಾಗುತ್ತದೆ. ಸರಿಯಾಗಿ ಕೂತ ಪಿನ್ನು ಸುಲಭವಾಗಿ ಕಳಚದು. ಆದರೆ ಅದು ಕುಲುಕಾಟದಿಂದ ಮೇಲೇಳದಂತೆ ಬೀಗದ ಏರ್ಪಾಡು ಬೇಕು. ಜೋಡಿಸುವವನು ಎರಡು ಬಂಡಿಗಳ ನಡುವೆ ಕೈಯನ್ನೋ ಮೈಯನ್ನೋ ಒಡ್ಡಬೇಕಾಗುವುದು ಈ ಎರಡೂ ಬಗೆಗಳ ಮುಖ್ಯ ದೋಷ.

ಮೂರನೆಯದು ಸ್ವಯಂಚಾಲಿತ ಕೊಂಡಿ. ಎರಡು ಬಂಡಿಗಳು ಮೆಲ್ಲನೆ ತಾಕಿದೊಡನೆ ಕೊಂಡಿಯ ತಲೆಗಳು ಒಂದರೊಳಗೊಂದು ಸೇರಿ ಒಳಗಿನ ಬೀಗ ತಾನಾಗಿ ಬೀಳುತ್ತದೆ. ಕಳಚಲು ಬಂಡಿಯ ಪಕ್ಕದಲ್ಲಿ ನಿಂತು ಸನ್ನೆಯನ್ನು ಎಳೆದರೆ ಸಾಕು. ವಿಲಿಸನ್ ಮಾದರಿ ಈ ವರ್ಗದ ಪ್ರಸಿದ್ಧ ಕೊಂಡಿ. ಹಿಂದಿನ ಸೋವಿಯತ್ ಒಕ್ಕೂಟದ ರೈಲ್ವೆಯ ಎಸ್‌ಎ-3 ಕೊಂಡಿಯೂ ಇದೇ ತತ್ವದಿಂದ ಬೆಳೆದದ್ದು. ಬಂಡಿಗಳನ್ನು ಕಳಚದೆಯೇ ತಲೆಕೆಳಗು ಮಾಡಿ ಅದಿರನ್ನು ಸುರಿಯುವ ಕಡೆ ಅಕ್ಷದ ಸುತ್ತ ತಿರುಗುವ ಕೊಂಡಿಗಳನ್ನು ಬಳಸುತ್ತಾರೆ.

ಅಮೆರಿಕದ ಅನುಭವ

ಜೋಡಣೆಯ ಅಪಾಯವನ್ನು ನಿವಾರಿಸುವ ಬಗೆಗೆ ಅಮೆರಿಕದ ಅನುಭವ ಬೋಧಪ್ರದವಾಗಿದೆ. ಅಲ್ಲಿನ ರೈಲುಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಳೆ-ಪಿನ್ನಿನ ಪದ್ಧತಿಯೇ ಇತ್ತು. ಬಂಡಿಗಳ ನಡುವೆ ನುಗ್ಗಿ ಜೋಡಿಸುವ ನೌಕರರು ಬೆರಳು, ಕೈ, ಕಡೆಗೆ ಪ್ರಾಣವನ್ನೂ ಕಳೆದುಕೊಳ್ಳುತ್ತಿದ್ದರು. ಎಲೈ ಜಾನಿ ಎಂಬಾತ 1873ರಲ್ಲಿ ಸ್ವಯಂಚಾಲಿತ ಕೊಂಡಿಗೆ ಪೇಟೆಂಟ್ ಪಡೆದನು. ಆದರೂ ಅದನ್ನು ಕಡ್ಡಾಯಗೊಳಿಸುವ ಕಾನೂನು ಬಂದದ್ದು ಇಪ್ಪತ್ತು ವರ್ಷಗಳ ನಂತರ, 1893ರಲ್ಲಿ.

ಕಲ್ಲಿದ್ದಲು ಗಣಿಗಳ ಸರದಿ ಇನ್ನೂ ತಡವಾಗಿ ಬಂದಿತು. 1969ರ ಕಲ್ಲಿದ್ದಲು ಗಣಿ ಆರೋಗ್ಯ ಮತ್ತು ಸುರಕ್ಷತಾ ಕಾಯ್ದೆಯ ಪ್ರಕಾರ, 1971ರ ಮಾರ್ಚ್ 30ರಿಂದ ಗಣಿಗಳು ಕೊಳ್ಳುವ ಹಳಿ ಸಾಗಣೆ ಬಂಡಿಗಳಿಗೆ ತಾಕಿದೊಡನೆ ಕೂಡುವ, ನಡುವೆ ಹೋಗದೆ ಕಳಚಬಹುದಾದ ಕೊಂಡಿ ಇರಲೇಬೇಕೆಂದಾಯಿತು. 1970ರ ಮಾರ್ಚ್ 30ರ ವೇಳೆಗೆ ಬಳಕೆಯಲ್ಲಿದ್ದ ಹಳೆಯ ಬಂಡಿಗಳನ್ನು ಬದಲಾಯಿಸಲು ನಾಲ್ಕು ವರ್ಷಗಳ ಅವಕಾಶ ನೀಡಲಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಕಾರ್ಮಿಕನು ಎಚ್ಚರಿಕೆಯಿಂದಿರಬೇಕು ಎಂದಷ್ಟೇ ಹೇಳಿ ಕಾನೂನು ಸುಮ್ಮನಾಗಲಿಲ್ಲ. ಬಂಡಿಗಳ ನಡುವೆ ಹೋಗುವ ಅವಶ್ಯಕತೆಯನ್ನೇ ಅದು ತೆಗೆದುಹಾಕಿತು. ಎಚ್ಚರಿಕೆ ದಣಿವಿನಿಂದ ಕುಂದುತ್ತದೆ, ಸಾಧನದ ರಚನೆ ಕುಂದುವುದಿಲ್ಲ.

ಕೈಯಿಂದ ಜೋಡಿಸುವಾಗ ಪಾಲಿಸಬೇಕಾದ ಕ್ರಮ

ನಮ್ಮ ದೇಶದಲ್ಲಿ ಗಣಿ ಸುರಕ್ಷತೆಯ ಮೇಲ್ವಿಚಾರಣೆ ಧನಬಾದ್‌ನಲ್ಲಿ ಕೇಂದ್ರ ಕಚೇರಿಯಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಸೇರಿದೆ. 1961ರ ಲೋಹಗಣಿ ನಿಯಮಾವಳಿ ಹಾಗೂ 2017ರ ಕಲ್ಲಿದ್ದಲು ಗಣಿ ನಿಯಮಾವಳಿಗಳು ಹಳಿಯ ಮೇಲಿನ ಸಾಗಣೆಗೆ ವಿವರವಾದ ಕಟ್ಟಳೆಗಳನ್ನು ವಿಧಿಸಿವೆ. ಇಳಿಜಾರಿನ ಮೇಲ್ತುದಿಯಲ್ಲಿ ಸ್ಟಾಪ್ ಬ್ಲಾಕ್ ಎಂಬ ಅಡ್ಡತಡೆ, ಕೈತಪ್ಪಿದ ಬಂಡಿಯನ್ನು ಪಕ್ಕಕ್ಕೆ ತಿರುಗಿಸುವ ಸ್ವಿಚ್, ಮೇಲೇರುವ ಸಾಲಿನ ಕೊನೆಯ ಬಂಡಿಗೆ ಬ್ಯಾಕ್‌ಸ್ಟೇ ಎಂಬ ಊರುಗೋಲು, ಇವು ಅವುಗಳಲ್ಲಿ ಮುಖ್ಯವಾದವು. ಕೊಂಡಿ ಕಳಚಿದರೂ ಬಂಡಿ ಬಹುದೂರ ಉರುಳದಂತೆ ಇವು ತಡೆಯುತ್ತವೆ.

ಸ್ವಯಂಚಾಲಿತ ಕೊಂಡಿ ಇಲ್ಲದ ಕಡೆ ಕೆಳಕಂಡ ಕ್ರಮವನ್ನು ತಪ್ಪದೆ ಅನುಸರಿಸಬೇಕು.

1. ಬಂಡಿಗಳು ಪೂರ್ಣವಾಗಿ ನಿಂತ ಮೇಲೆಯೇ ಜೋಡಿಸಬೇಕು ಅಥವಾ ಕಳಚಬೇಕು. ಚಲಿಸುವ ಬಂಡಿಯ ಕೊಂಡಿಗೆ ಕೈ ಹಾಕಬಾರದು.

2. ಚಕ್ರಗಳಿಗೆ ಅಡ್ಡತಡೆ ಕೊಟ್ಟು, ಲೋಕೋ ಚಾಲಕ ಅಥವಾ ಹಗ್ಗದ ಯಂತ್ರ ನಡೆಸುವವನಿಗೆ ನಿಲ್ಲುವ ಸಂಕೇತ ತಲುಪಿದೆಯೆಂದು ಖಚಿತಪಡಿಸಿಕೊಳ್ಳಬೇಕು.

3. ಜೋಡಿಸುವವನು ಸಾಧ್ಯವಾದ ಮಟ್ಟಿಗೆ ಹಳಿಯ ಹೊರಗೆ ನಿಂತು, ಉದ್ದ ಹಿಡಿಯ ಕೊಕ್ಕೆಗೋಲಿನಿಂದ ಬಳೆಯನ್ನು ಎತ್ತಬೇಕು.

4. ಪಿನ್ನು ತಳದವರೆಗೆ ಕೂತು ಅದರ ಬೀಗ ಬಿದ್ದಿದೆಯೇ ಎಂದು ಕಣ್ಣಾರೆ ನೋಡಬೇಕು.

5. ಹೊರಗೆ ಬಂದ ನಂತರ ಸಂಕೇತ ನೀಡಿ ಸಾಲನ್ನು ಮೆಲ್ಲನೆ ಎಳೆಸಿ, ಕೊಂಡಿಗಳೆಲ್ಲ ಬಿಗಿಯಾದುದನ್ನು ಕಂಡ ಬಳಿಕವೇ ಹೊರಡಿಸಬೇಕು.

6. ಸಂಕೇತ ನೀಡುವ ಅಧಿಕಾರ ಒಂದು ಸಾಲಿಗೆ ಒಬ್ಬನದೇ ಆಗಿರಬೇಕು.

ಸವೆತ ಮತ್ತು ಪರೀಕ್ಷೆ

ಕೊಂಡಿ ಒಂದೇ ದಿನದಲ್ಲಿ ಮುರಿಯುವುದಿಲ್ಲ. ಸವೆತ, ಬಳೆಯ ಹಿಗ್ಗುವಿಕೆ, ಕೂದಲೆಳೆಯಂತಹ ಬಿರುಕು ಎಂಬ ಲಕ್ಷಣಗಳನ್ನು ಅದು ಮೊದಲೇ ತೋರುತ್ತದೆ. 25 ಮಿ.ಮೀ. ವ್ಯಾಸದ ಪಿನ್ನು ಸುತ್ತಲೂ ಸವೆದು 22.5 ಮಿ.ಮೀ.ಗೆ ಇಳಿದರೆ ವ್ಯಾಸದಲ್ಲಿ ಕಡಿಮೆಯಾದದ್ದು ಶೇ. 10 ಮಾತ್ರ. ಆದರೆ ಭಾರ ಹೊರುವ ಅಡ್ಡಕೊಯ್ತದ ವಿಸ್ತೀರ್ಣ 491 ಚ.ಮಿ.ಮೀ.ನಿಂದ 398ಕ್ಕೆ ಇಳಿದು ಶೇ. 19ರಷ್ಟು ಬಲ ನಷ್ಟವಾಗಿರುತ್ತದೆ. ಕಣ್ಣಳತೆಯನ್ನು ನಂಬದೆ ಗೇಜಿನಿಂದ ಅಳೆಯಬೇಕೆನ್ನುವುದು ಇದಕ್ಕಾಗಿ.

ಎರಡು ದುರಭ್ಯಾಸಗಳನ್ನು ವಿಶೇಷವಾಗಿ ತಡೆಯಬೇಕು. ಕಳೆದುಹೋದ ಪಿನ್ನಿನ ಬದಲು ಕಟ್ಟಡದ ಕಬ್ಬಿಣದ ಸರಳಿನ ತುಂಡನ್ನೋ ಸಾಮಾನ್ಯ ಬೋಲ್ಟನ್ನೋ ಸಿಕ್ಕಿಸುವುದು ಒಂದು. ಬಿರುಕು ಬಿಟ್ಟ ಬಳೆಗೆ ಸ್ಥಳದಲ್ಲೇ ವೆಲ್ಡಿಂಗ್ ಮಾಡಿ ಮತ್ತೆ ಬಳಸುವುದು ಇನ್ನೊಂದು. ಸೂಕ್ತ ಉಷ್ಣೋಪಚಾರವಿಲ್ಲದ ವೆಲ್ಡಿಂಗ್‌ನಿಂದ ಪಕ್ಕದ ಉಕ್ಕು ಗಡುಸಾಗಿ, ಜಗ್ಗಿದಾಗ ಬಾಗದೆ ಥಟ್ಟನೆ ತುಂಡಾಗುವ ಅಪಾಯವಿರುತ್ತದೆ.

ತಯಾರಕ ಮತ್ತು ವ್ಯಾಪಾರಿಯ ಹೊಣೆ

ಅವಘಡವಾದಾಗ ಪ್ರಶ್ನೆಗಳು ಗಣಿಯ ಆಡಳಿತಕ್ಕಷ್ಟೇ ಸೀಮಿತವಾಗಿರುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮಿನ ಪ್ರಕಾರ, ಕೊಳ್ಳುವವನು ತನ್ನ ನಿರ್ದಿಷ್ಟ ಉದ್ದೇಶವನ್ನು ತಿಳಿಸಿ ಮಾರುವವನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ, ಮತ್ತು ಅಂತಹ ಸರಕನ್ನು ಒದಗಿಸುವುದು ಮಾರುವವನ ವ್ಯವಹಾರವಾಗಿದ್ದರೆ, ಆ ಉದ್ದೇಶಕ್ಕೆ ಸರಕು ತಕ್ಕುದಾಗಿರಬೇಕೆಂಬ ಷರತ್ತು ಒಪ್ಪಂದದಲ್ಲಿ ಬರೆದಿರದಿದ್ದರೂ ಅಡಕವಾಗಿರುತ್ತದೆ. ಗಣಿ ಬಂಡಿಗೆ ಪಿನ್ನು ಬೇಕೆಂದು ಕೇಳಿದವನಿಗೆ ಸಾಮಾನ್ಯ ಸರಳಿನ ಪಿನ್ನನ್ನು ಕೊಟ್ಟ ವ್ಯಾಪಾರಿ, ತಾನು ಕೇವಲ ಮಧ್ಯವರ್ತಿ ಎಂದು ಸುಲಭವಾಗಿ ಜಾರಿಕೊಳ್ಳಲಾರನು. ಆದ್ದರಿಂದ ಈ ಕ್ರಮಗಳು ಹಿತಕರ.

1. ಭಾರ, ಇಳಿಜಾರು, ಬಂಡಿಗಳ ಸಂಖ್ಯೆ, ಉಕ್ಕಿನ ದರ್ಜೆ ಹಾಗೂ ಪರೀಕ್ಷೆಯ ಭಾರವನ್ನು ಖರೀದಿ ಆದೇಶದಲ್ಲೇ ಬರೆಸಿಕೊಳ್ಳಬೇಕು. ಮಹಾನಿರ್ದೇಶನಾಲಯದ ಅನುಮೋದನೆ ಬೇಕೇ ಎಂಬುದನ್ನೂ ಲಿಖಿತವಾಗಿ ಕೇಳಬೇಕು.

2. ಪ್ರತಿ ಕೊಂಡಿಯ ಮೇಲೆ ತಂಡದ ಸಂಖ್ಯೆಯನ್ನು ಅಚ್ಚೊತ್ತಿ, ಆ ಸಂಖ್ಯೆಯಿಂದ ಉಕ್ಕಿನ ಪ್ರಮಾಣಪತ್ರ, ಉಷ್ಣೋಪಚಾರ ಮತ್ತು ಪರೀಕ್ಷೆಯ ದಾಖಲೆಗಳು ಸಿಗುವಂತಿರಬೇಕು. ಒಂದು ಕೊಂಡಿಯಲ್ಲಿ ದೋಷ ಕಂಡರೆ ಅದೇ ತಂಡದ ಉಳಿದವನ್ನು ಹಿಂದಕ್ಕೆ ಪಡೆಯಲು ಬೇರೆ ದಾರಿಯಿಲ್ಲ.

3. ವ್ಯಾಪಾರಿಯು ಆ ದಾಖಲೆಗಳ ಪ್ರತಿಯನ್ನು ಸರಕಿನೊಡನೆಯೇ ಪಡೆದು, ಬೇರೆ ಬೇರೆ ತಂಡಗಳ ದಾಸ್ತಾನನ್ನು ಬೆರಸದೆ ಇಡಬೇಕು.

4. ಖಾತರಿ ಅವಧಿಯಲ್ಲಿ ಬದಲಾಯಿಸಿ ಕೊಡುವ ಬದ್ಧತೆಯಿದ್ದರೆ, ಲೆಕ್ಕಪತ್ರ ಮಾನಕ 29ರ ಅನ್ವಯ ಅಂದಾಜು ವೆಚ್ಚಕ್ಕೆ ಅವಕಾಶ ಕಲ್ಪಿಸಬೇಕು. ಇಲ್ಲವಾದರೆ ತೋರಿಸಿದ ಲಾಭ ನಿಜವಾದ ಲಾಭವಾಗಿರುವುದಿಲ್ಲ.

ಅಗ್ಗದ ಕೊಂಡಿ ನಿಜವಾಗಿ ಅಗ್ಗವೇ?

ಊಹಿಸಿದ ಅಂಕಿಗಳ ಲೆಕ್ಕವೊಂದನ್ನು ನೋಡಬಹುದು. ಗಣಿಯೊಂದಕ್ಕೆ 200 ಕೊಂಡಿಗಳು ಬೇಕು. ಮೊದಲ ಸರಬರಾಜುದಾರನ ದರ 1,500 ರೂ., ಬಾಳಿಕೆ 2 ವರ್ಷ. ಎರಡನೆಯವನ ದರ 2,400 ರೂ., ಬಾಳಿಕೆ 4 ವರ್ಷ. ಮೊದಲ ಖರೀದಿಯಲ್ಲಿ 3,00,000 ರೂ.ಗೆ ಎದುರಾಗಿ 4,80,000 ರೂ. ತೆರಬೇಕು. ಟೆಂಡರಿನ ಹಾಳೆಯಲ್ಲಿ ಮೊದಲನೆಯವನೇ ಗೆಲ್ಲುತ್ತಾನೆ. ಆದರೆ ವಾರ್ಷಿಕ ವೆಚ್ಚ ಮೊದಲನೆಯದರಲ್ಲಿ 1,50,000 ರೂ., ಎರಡನೆಯದರಲ್ಲಿ 1,20,000 ರೂ. ಹಳಿ ತಪ್ಪಿದಾಗಿನ ಕೆಲಸದ ನಿಲುಗಡೆ, ಬಂಡಿಗಳ ದುರಸ್ತಿ ಮತ್ತು ಪರಿಹಾರದ ಹೊರೆಯನ್ನು ಇದರಲ್ಲಿ ಸೇರಿಸಿಯೇ ಇಲ್ಲ.

ತಯಾರಕನ ಕಡೆಯಿಂದಲೂ ಲೆಕ್ಕ ಹೀಗೆಯೇ ಇದೆ. ಪ್ರತಿ ಕೊಂಡಿಯನ್ನು ಎಳೆದು ಪರೀಕ್ಷಿಸಲು 60 ರೂ. ತಗಲಿದರೆ ಅದು 2,400 ರೂ. ಬೆಲೆಯ ಶೇ. 2.5 ಮಾತ್ರ. ಈ ವೆಚ್ಚವನ್ನು ಮೇಲ್ವೆಚ್ಚದಲ್ಲಿ ಅಡಗಿಸದೆ ದರಪಟ್ಟಿಯಲ್ಲಿ ಪ್ರತ್ಯೇಕವಾಗಿ ತೋರಿಸುವುದು ಒಳಿತು. ಆಗ ಚೌಕಾಸಿಯ ವೇಳೆ ಖರೀದಿದಾರನು ತಾನು ಕಡಿತಗೊಳಿಸಲು ಹೊರಟಿರುವುದು ಪರೀಕ್ಷೆಯನ್ನೇ ಎಂಬುದನ್ನು ಅರಿಯುತ್ತಾನೆ.

ಒಟ್ಟಿನಲ್ಲಿ ಹೇಳುವುದಾದರೆ, ಗಣಿಯವರು ಸಾಧ್ಯವಿರುವ ಕಡೆ ಸ್ವಯಂಚಾಲಿತ ಕೊಂಡಿಗೆ ಬದಲಾಗಬೇಕು, ಸಾಧ್ಯವಿಲ್ಲದ ಕಡೆ ನಿಂತ ಬಂಡಿಯನ್ನೇ ಜೋಡಿಸಬೇಕು. ತಯಾರಕರು ಪರೀಕ್ಷಿಸದ ಕೊಂಡಿಯನ್ನು ಹೊರಗೆ ಕಳುಹಿಸಬಾರದು. ವ್ಯಾಪಾರಿಗಳು ದಾಖಲೆಯಿಲ್ಲದ ಕೊಂಡಿಯನ್ನು ಮಾರಬಾರದು. ಇಳಿಜಾರಿನ ಕೆಳಗೆ ದುಡಿಯುವ ಕಾರ್ಮಿಕನು ಕೊಂಡಿಯನ್ನು ಆರಿಸುವುದಿಲ್ಲ, ದರಪಟ್ಟಿಯನ್ನು ನೋಡುವುದೂ ಇಲ್ಲ. ಅವನ ಪರವಾಗಿ ಆ ಆಯ್ಕೆಯನ್ನು ಮಾಡುವವರು ಈ ಮೂವರು.