ಮೋಡದ ಚಿತ್ರವನ್ನು ಓದುವವರು

ಸತ್ಯಮಂಗಲದ ಬಯಲಿನಿಂದ ದಿಂಬಂ ಘಾಟಿಯ 27 ತಿರುವುಗಳನ್ನೇರಿ ಹಾಸನೂರಿನ ಕಾಡನ್ನು ದಾಟಿದರೆ ತಾಳವಾಡಿಯ ಕನ್ನಡ ಸೀಮೆ ತೆರೆದುಕೊಳ್ಳುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಿತು. ತಾಳವಾಡಿಯು ಅಂದಿನ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಆಡಳಿತದಲ್ಲಿ ಅದು ಈರೋಡು ಜಿಲ್ಲೆ. ನೆಲ, ಬೆಳೆ, ಹವೆಗಳಲ್ಲಿ ಚಾಮರಾಜನಗರದ ಮುಂದುವರಿಕೆ. ಕಾವೇರಿ ತೀರದ ಈರೋಡಿನ ಸೆಕೆಗೂ ಮೈಸೂರು ಪ್ರಸ್ಥಭೂಮಿಯ ಅಂಚಿನಲ್ಲಿರುವ ಈ ಬೆಟ್ಟದೂರುಗಳ ತಂಪಿಗೂ ಸಾಮ್ಯವಿಲ್ಲ. ಹೀಗಿರುವಾಗ ‘ಈರೋಡು ಜಿಲ್ಲೆಯ ಒಂದೆರಡು ಕಡೆ ಮಳೆ’ ಎಂಬ ಮುನ್ಸೂಚನೆ ಬಂದರೆ, ರಾಗಿ ಬಿತ್ತಲು ಹದಮಳೆಗಾಗಿ ಕಾದಿರುವ ತಾಳವಾಡಿಯ ರೈತನು ಏನೆಂದು ತಿಳಿಯಬೇಕು?

ಮುನ್ಸೂಚನೆಯ ಒಂದು ಮುಖ್ಯ ಆಧಾರ ಉಪಗ್ರಹ ಚಿತ್ರ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಇನ್ಸಾಟ್-3ಡಿಆರ್ (2016) ಮತ್ತು ಇನ್ಸಾಟ್-3ಡಿಎಸ್ (2024) ಉಪಗ್ರಹಗಳು ಅರ್ಧ ಗಂಟೆಗೊಮ್ಮೆ ನಮ್ಮ ಭೂಭಾಗದ ಚಿತ್ರವನ್ನು ತೆಗೆಯುತ್ತವೆ. ಆದರೆ ಚಿತ್ರವೇ ಮುನ್ಸೂಚನೆಯಲ್ಲ. ಗೋಚರ ಬೆಳಕಿನ ಚಿತ್ರದಲ್ಲಿ ದಟ್ಟವಾದ ಮೋಡ ಬೆಳ್ಳಗೆ ಕಾಣುತ್ತದೆ. ಅವಕೆಂಪು ಚಿತ್ರದಲ್ಲಿ ತಣ್ಣಗಿರುವುದು ಬೆಳ್ಳಗೆ ಕಾಣುತ್ತದೆ. ಎತ್ತರದಲ್ಲಿ ತೇಲುವ ತೆಳುವಾದ ಹಿಮಮೋಡವು ಹನಿ ಮಳೆಯನ್ನೂ ಸುರಿಸದಿದ್ದರೂ ಅವಕೆಂಪಿನಲ್ಲಿ ಪ್ರಖರವಾಗಿ ತೋರಬಹುದು. ಇದಕ್ಕೆ ವಿರುದ್ಧವಾಗಿ, ದಿಂಬಂ ಇಳಿಜಾರಿಗೆ ಅಂಟಿಕೊಂಡ ಇರುಳಿನ ಮಂಜಿನ ಉಷ್ಣತೆ ನೆಲದ ಉಷ್ಣತೆಗೆ ಸಮೀಪವಾಗಿರುವುದರಿಂದ ಆ ಚಿತ್ರದಲ್ಲಿ ಅದು ಮರೆಯಾಗಿಬಿಡುತ್ತದೆ. ಎರಡು ಬಗೆಯ ಚಿತ್ರಗಳನ್ನು ಹೋಲಿಸಿ, ಹಿಂದಿನ ಚಿತ್ರಗಳೊಡನೆ ಮೋಡದ ಬೆಳವಣಿಗೆಯನ್ನು ಅಳೆದು, ಸುಳ್ಳು ಬಿಳುಪನ್ನೂ ನಿಜವಾದ ಬಿಳುಪನ್ನೂ ಬೇರ್ಪಡಿಸುವುದು ತರಬೇತಾದ ಕಣ್ಣಿನ ಕೆಲಸ. ಚಂಡಮಾರುತದ ಬಲವನ್ನು ಮೋಡದ ಆಕೃತಿಯಿಂದ ನಿರ್ಣಯಿಸುವ, 1970ರ ದಶಕದಲ್ಲಿ ರೂಪುಗೊಂಡ ಡ್ವೊರಾಕ್ ವಿಧಾನವು ಇಂದಿಗೂ ಬಳಕೆಯಲ್ಲಿರುವುದು ಇದೇ ಕಾರಣಕ್ಕೆ.

ಅವಕೆಂಪು ಚಿತ್ರದ ಒಂದು ಚುಕ್ಕೆಯು ಸುಮಾರು ನಾಲ್ಕು ಕಿಲೋಮೀಟರ್ ಉದ್ದಗಲದ ನೆಲವನ್ನು ಪ್ರತಿನಿಧಿಸುತ್ತದೆ. ಬೆಟ್ಟ ಸೀಮೆಯಲ್ಲಿ ಅಷ್ಟರೊಳಗೆ ಒಂದು ಕಣಿವೆಯೂ ಒಂದು ದಿಣ್ಣೆಯೂ ಅಡಗಿರಬಹುದು. ಒಂದರಲ್ಲಿ ಮಳೆ ಸುರಿದು ಇನ್ನೊಂದು ಒಣಗಿರಬಹುದು. ಆದುದರಿಂದ ಚಿತ್ರವನ್ನು ಓದುವವನು ನೆಲವನ್ನೂ ಬಲ್ಲವನಾಗಿರಬೇಕು.

ಇಂತಹವರನ್ನು ಆರಿಸುವ ಬಗೆ ಹೇಗೆ? 1875ರಲ್ಲಿ ಸ್ಥಾಪಿತವಾದ ಭಾರತೀಯ ಹವಾಮಾನ ಇಲಾಖೆಯು ವೈಜ್ಞಾನಿಕ ಸಹಾಯಕರನ್ನು ಸಿಬ್ಬಂದಿ ನೇಮಕಾತಿ ಆಯೋಗದ ಮೂಲಕ ಆರಿಸುತ್ತದೆ. 2022ರ ಅಧಿಸೂಚನೆಯು 990 ಹುದ್ದೆಗಳಿಗಾಗಿತ್ತು. ಭೌತಶಾಸ್ತ್ರವನ್ನು ಓದಿದ ವಿಜ್ಞಾನ ಪದವೀಧರರು, ಗಣಕ ವಿಜ್ಞಾನದ ಪದವೀಧರರು, ಎಲೆಕ್ಟ್ರಾನಿಕ್ಸ್ ಮತ್ತು ದೂರಸಂಪರ್ಕದ ಡಿಪ್ಲೊಮಾ ಪಡೆದವರು ಅರ್ಹರು. ಮೋಡವನ್ನು ಓದುವ ವಿದ್ಯೆಯನ್ನು ಆಯ್ಕೆಯಾದ ಮೇಲೆ ಇಲಾಖೆಯೇ ಕಲಿಸುತ್ತದೆ. ಅರ್ಹತೆಯ ಪಟ್ಟಿಯಲ್ಲಿ ಪ್ರಾದೇಶಿಕ ಭಾಷೆಯ ಮಾತಿಲ್ಲ.

ಚಿತ್ರಕ್ಕೂ ಹೊಲಕ್ಕೂ ನಡುವಿನ ಅಂತರವನ್ನು ತುಂಬಲು ಒಂದು ಪ್ರಯತ್ನ ನಡೆದದ್ದುಂಟು. 2018ರಿಂದೀಚೆಗೆ ದೇಶದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳು ಹುಟ್ಟಿಕೊಂಡವು. ಪ್ರತಿ ಘಟಕಕ್ಕೂ ಒಬ್ಬ ವಿಷಯ ತಜ್ಞ, ಒಬ್ಬ ವೀಕ್ಷಕ. ಇಲಾಖೆಯ ಮುನ್ಸೂಚನೆಯನ್ನು ಬ್ಲಾಕ್ ಮಟ್ಟಕ್ಕೆ ಇಳಿಸಿ ಸ್ಥಳೀಯ ಭಾಷೆಯಲ್ಲಿ ಸಲಹೆ ನೀಡುವುದು ಅವರ ಕೆಲಸ. ಗುತ್ತಿಗೆಯ ಮೇಲೆ ನಡೆಯುತ್ತಿದ್ದ ಈ ಘಟಕಗಳು 2024ರ ಆರಂಭದಲ್ಲಿ ಮುಚ್ಚಲ್ಪಟ್ಟವು. ಉಪಗ್ರಹಗಳು ಹೆಚ್ಚುತ್ತಿದ್ದಂತೆಯೇ ಹೊಲಕ್ಕೆ ಹತ್ತಿರವಿದ್ದ ಓದುಗರು ಕಡಿಮೆಯಾದರು.

ಇಲ್ಲಿ ಕನ್ನಡ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ಮುನ್ಸೂಚನೆಯ ಮಾತುಗಳು ಸಡಿಲವಾಗಿ ಕಂಡರೂ ಪಾರಿಭಾಷಿಕ ಪದಗಳೇ. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ಕಾಲು ಭಾಗವನ್ನು ಮೀರದಷ್ಟು. ‘ಭಾರೀ ಮಳೆ’ ಎಂದರೆ ದಿನಕ್ಕೆ 64.5ರಿಂದ 115.5 ಮಿಲಿಮೀಟರ್. ರೈತನಿಗಾದರೋ ಭರಣಿ, ರೋಹಿಣಿ, ಆರಿದ್ರೆ ಎಂಬ ನಕ್ಷತ್ರಗಳ ಲೆಕ್ಕವಿದೆ. ಸೋನೆ, ಜಡಿ, ಹದ ಎಂಬ ಮಳೆಯ ಹೆಸರುಗಳಿವೆ. ‘ಸೋನೆ’ಯು ಮಳೆಯ ಪ್ರಮಾಣವನ್ನಷ್ಟೇ ಅಲ್ಲ, ಅದು ಬೀಳುವ ರೀತಿಯನ್ನೂ ಹೇಳುತ್ತದೆ, ‘ಹದಮಳೆ’ಯು ನೆಲ ಬಿತ್ತನೆಗೆ ಒದಗಿದೆಯೆಂಬುದನ್ನೂ ತಿಳಿಸುತ್ತದೆ. ಮಿಲಿಮೀಟರಿನ ಭಾಷೆಯಿಂದ ಹದದ ಭಾಷೆಗೆ ಅರ್ಥ ಕೆಡದಂತೆ ದಾಟಿಸುವುದೂ ಒಂದು ತಜ್ಞತೆಯೇ.

ಗಡಿಯ ಆಚೆ ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಯು ರೈತರಿಗೆ ಕನ್ನಡದಲ್ಲಿ ಮಳೆಯ ಮಾಹಿತಿ ನೀಡುತ್ತದೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಅದರ ಮಳೆ ಮಾಪಕಗಳಿವೆ. ಆ ಜಾಲವು ಗಡಿಯಲ್ಲಿ ನಿಲ್ಲುತ್ತದೆ, ಮೋಡ ನಿಲ್ಲುವುದಿಲ್ಲ. ತಾಳವಾಡಿಗೆ ಬೇಕಾಗಿರುವುದು ಇನ್ನೊಂದು ಉಪಗ್ರಹವಲ್ಲ. ಚಿತ್ರವನ್ನೂ ಈ ಬೆಟ್ಟಗಳನ್ನೂ ಇಲ್ಲಿಯ ಕನ್ನಡವನ್ನೂ ಒಟ್ಟಿಗೆ ಓದಬಲ್ಲ ಒಬ್ಬ ಮನುಷ್ಯ. ಮತ್ತು ಅಂತಹವನಿಗೊಂದು ಹುದ್ದೆ.