ಹಗಲಿನ ವಿದ್ಯುತ್ತು ರೈತನ ಹೊಲಕ್ಕೆ: ಹಸಿರು ಇಂಧನ ಮತ್ತು ನಮ್ಮ ಹೊಣೆ

ನಡುರಾತ್ರಿ ಥ್ರೀಫೇಸ್ ಕರೆಂಟ್ ಬಂದೊಡನೆ ಕೈಯಲ್ಲಿ ಬ್ಯಾಟರಿ ಹಿಡಿದು ಹೊಲಕ್ಕೆ ಹೊರಡುವ ರೈತನನ್ನು ಕಾಣದ ಹಳ್ಳಿ ನಮ್ಮ ನಾಡಿನಲ್ಲಿ ವಿರಳ. ಹಾವು, ಚೇಳು, ಕಾಡಂಚಿನಲ್ಲಾದರೆ ಆನೆ, ಚಿರತೆಗಳ ಭಯ. ಕತ್ತಲಲ್ಲಿ ನೀರು ಹಾಯಿಸಿ ಬೆಳಗಿನ ಜಾವ ಮನೆಗೆ ಮರಳುವ ಅವನಿಗೆ ಹಗಲಿನ ದುಡಿಮೆ ಕಾದಿರುತ್ತದೆ. ಸೂರ್ಯನ ಬೆಳಕಿನಿಂದ ವಿದ್ಯುತ್ ಉತ್ಪಾದಿಸುವುದರಲ್ಲಿ ಮುಂಚೂಣಿಯಲ್ಲಿರುವ ರಾಜ್ಯದಲ್ಲಿ ರೈತನಿಗೆ ಹಗಲಿನಲ್ಲಿ ವಿದ್ಯುತ್ ದೊರೆಯದಿರುವುದು ಏಕೆ ಎಂಬುದನ್ನು ನಾವೆಲ್ಲರೂ ಅರಿಯಬೇಕಾಗಿದೆ.

ರಾಜ್ಯದ ವಿದ್ಯುತ್ ಕ್ಷೇತ್ರದಲ್ಲಿ ಸುಧಾರಣೆ ಆರಂಭವಾದುದು 1999ರಲ್ಲಿ. ಅಂದು ವಿದ್ಯುತ್ ಮಂಡಳಿಯ ಸ್ಥಾನದಲ್ಲಿ ಪ್ರಸರಣ ನಿಗಮವೂ, ದರವನ್ನು ನಿರ್ಧರಿಸಲು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ ಸ್ಥಾಪನೆಯಾದವು. 2002ರಲ್ಲಿ ವಿತರಣಾ ಕಂಪನಿಗಳು ಬೇರ್ಪಟ್ಟವು. 2008ರಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ನೀಡಲಾಗುತ್ತಿದೆ. ಇಂತಹ ಪಂಪ್‌ಸೆಟ್‌ಗಳ ಸಂಖ್ಯೆ ಈಗ 30 ಲಕ್ಷವನ್ನು ಮೀರಿದೆ.

ಉಚಿತವೆಂದರೆ ವೆಚ್ಚವಿಲ್ಲದ್ದು ಎಂದಲ್ಲ. ಆ ವೆಚ್ಚವನ್ನು ಸರ್ಕಾರ ಸಹಾಯಧನದ ರೂಪದಲ್ಲಿ ಕಂಪನಿಗಳಿಗೆ ಭರಿಸಬೇಕು. 2003ರ ವಿದ್ಯುಚ್ಛಕ್ತಿ ಅಧಿನಿಯಮದ 65ನೇ ಕಲಮಿನ ಪ್ರಕಾರ ಈ ಹಣವನ್ನು ಮುಂಗಡವಾಗಿಯೇ ಪಾವತಿಸಬೇಕು. 55ನೇ ಕಲಮು ಮೀಟರ್ ಇಲ್ಲದೆ ವಿದ್ಯುತ್ ಪೂರೈಸಬಾರದೆನ್ನುತ್ತದೆ. ಆದರೆ ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲ. ಅವುಗಳ ಬಳಕೆಯನ್ನು ಅಂದಾಜಿನಿಂದ ಲೆಕ್ಕ ಹಾಕಲಾಗುತ್ತದೆ. ಅಳೆಯದ ಕಡೆ ಸೋರಿಕೆಯೂ ಕಳವೂ ರೈತನ ಹೆಸರಿನಲ್ಲಿ ಸೇರಿಹೋಗುವ ಅಪಾಯವುಂಟು. ರೈತ ಬಳಸದ ವಿದ್ಯುತ್ತಿನ ಅಪವಾದವನ್ನು ರೈತನೇ ಹೊರಬೇಕಾಗುತ್ತದೆ.

ಈ ತೊಡಕಿಗೆ ಹಸಿರು ಇಂಧನ ಒಂದು ದಾರಿಯನ್ನು ತೋರಿಸಿದೆ. 2019ರಲ್ಲಿ ಆರಂಭವಾದ ಕೇಂದ್ರದ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್‌ಗಳ ಫೀಡರನ್ನೇ ಸೌರೀಕರಣಗೊಳಿಸುವ ಅವಕಾಶವಿದೆ. ವಿದ್ಯುತ್ ಉಪಕೇಂದ್ರದ ಸಮೀಪದಲ್ಲಿ ಚಿಕ್ಕ ಸೌರ ಘಟಕವನ್ನು ಸ್ಥಾಪಿಸಿ, ಅಲ್ಲಿ ಉತ್ಪಾದನೆಯಾದ ವಿದ್ಯುತ್ತನ್ನು ಅದೇ ಭಾಗದ ಹೊಲಗಳಿಗೆ ಹರಿಸಲಾಗುತ್ತದೆ. ದೂರದಿಂದ ತರುವಾಗ ತಂತಿಯಲ್ಲಾಗುವ ನಷ್ಟ ಇದರಿಂದ ತಗ್ಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಬಿಸಿಲಿರುವಾಗಲೇ ವಿದ್ಯುತ್ತೂ ದೊರೆಯುವುದರಿಂದ ರೈತನು ರಾತ್ರಿ ನಿದ್ರಿಸಬಹುದು.

ಇಲ್ಲಿ ಎರಡು ಎಚ್ಚರಗಳು ಅಗತ್ಯ. ಮೊದಲನೆಯದು ಭೂಮಿಯದು. ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ನಿರ್ಮಾಣವಾದಾಗ ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಲಾಯಿತು. ಒಡೆತನ ರೈತನಲ್ಲಿಯೇ ಉಳಿದದ್ದು ಮೆಚ್ಚತಕ್ಕ ವಿಷಯ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ, ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಚಿಕ್ಕ ಘಟಕಗಳನ್ನು ಸ್ಥಾಪಿಸುವಾಗಲೂ ಗೋಮಾಳವನ್ನು ನೆಚ್ಚಿದವರ ಮಾತನ್ನು ಮೊದಲು ಕೇಳಬೇಕು. ಎರಡನೆಯದು ಅಂತರ್ಜಲದ್ದು. ಹಗಲೆಲ್ಲ ವಿದ್ಯುತ್ ಇದೆಯೆಂದು ಕೊಳವೆಬಾವಿಗಳನ್ನು ಬಿಡುವಿಲ್ಲದೆ ಓಡಿಸಿದರೆ ನೀರೇ ಬತ್ತೀತು. ಹನಿ ನೀರಾವರಿ ಮತ್ತು ಕೆರೆಗಳ ಹೂಳೆತ್ತುವಿಕೆ ಈ ಸುಧಾರಣೆಯ ಅಂಗಗಳಾಗಬೇಕು.

ಇವೆಲ್ಲವೂ ಸರ್ಕಾರದ ಕೆಲಸವೆಂದು ನಾವು ಸುಮ್ಮನಿರುವುದು ತರವಲ್ಲ. ಅಧಿನಿಯಮದ 64ನೇ ಕಲಮಿನಂತೆ ದರ ಪರಿಷ್ಕರಣೆಯ ಅರ್ಜಿಯನ್ನು ಪ್ರಕಟಿಸಬೇಕು. ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಆಯೋಗವು ಪರಿಗಣಿಸಿಯೇ ಆದೇಶ ನೀಡಬೇಕು. ಆಯೋಗ ಸಾರ್ವಜನಿಕ ವಿಚಾರಣೆಗಳನ್ನೂ ನಡೆಸುತ್ತದೆ. ಅಲ್ಲಿ ಕೈಗಾರಿಕೆಗಳ ಪ್ರತಿನಿಧಿಗಳು ಅಂಕಿಅಂಶಗಳೊಡನೆ ಹಾಜರಾಗುತ್ತಾರೆ. ಹಳ್ಳಿಗಳ ದನಿಯೂ ಅಷ್ಟೇ ಸಿದ್ಧತೆಯೊಡನೆ ಅಲ್ಲಿ ಕೇಳಿಬರಬೇಕು.

ನಾವು ಕೇಳಬೇಕಾದವು ಮೂರು. ಪ್ರತಿ ಕೃಷಿ ಫೀಡರಿನ ಮೀಟರ್ ಲೆಕ್ಕವನ್ನು ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಪ್ರಕಟಿಸಲಿ. ಸಹಾಯಧನ ಸಕಾಲದಲ್ಲಿ ಪಾವತಿಯಾಗಲಿ. ಯಾವ ಉಪಕೇಂದ್ರದ ವ್ಯಾಪ್ತಿಯ ಹೊಲಗಳಿಗೆ ಯಾವಾಗ ಹಗಲಿನ ವಿದ್ಯುತ್ ಬರುವುದೆಂಬ ದಿನಾಂಕವನ್ನು ಮುಂಚಿತವಾಗಿ ತಿಳಿಸಲಿ. ಮೀಟರ್ ಎಂದೊಡನೆ ಬಿಲ್ ಬಂದೀತೆಂಬ ಭಯ ರೈತರಲ್ಲಿ ಸಹಜ. ಲೆಕ್ಕ ಬೇರೆ, ಶುಲ್ಕ ಬೇರೆ ಎಂಬ ಭರವಸೆಯನ್ನು ಸರ್ಕಾರ ಲಿಖಿತವಾಗಿ ನೀಡಿದರೆ ಆ ಭಯ ನೀಗುತ್ತದೆ.

ಸದ್ಭಕ್ತರಲ್ಲಿ ವಕೀಲರಿದ್ದಾರೆ, ಎಂಜಿನಿಯರುಗಳಿದ್ದಾರೆ, ನಿವೃತ್ತ ನೌಕರರಿದ್ದಾರೆ. ತಮ್ಮೂರಿನ ರೈತರಿಗಾಗಿ ಒಂದು ಆಕ್ಷೇಪಣೆಯ ಅರ್ಜಿಯನ್ನು ಬರೆದುಕೊಡುವುದೂ ಸಮಾಜ ಸೇವೆಯೇ. ಮುಂದಿನ ವಿಚಾರಣೆಯ ಪ್ರಕಟಣೆ ಪತ್ರಿಕೆಯಲ್ಲಿ ಬಂದ ದಿನವೇ ಆ ಕೆಲಸ ಆರಂಭವಾಗಲಿ ಎಂಬುದು ನಮ್ಮ ಆಶಯ.